ಅಪ್ಪನ ಟೋಪಿಗೆ 112 ಮನೆ

ಕಳೆದ ದೀಪಾವಳಿಗೆ ನಾನು ಅಪ್ಪನಿಗೆಂದು ಹೆಣೆದ ಟೋಪಿ ಕೊನೆಗೆ ಸರಿಹೋದದ್ದು ಪಕ್ಕದ ಮನೆಯ ಆರು ತಿಂಗಳ ಕೂಸಿಗೆ. ಹದಿನೈದು ದಿನ ಹಾಸ್ಟೆಲ್‌ನಲ್ಲಿ ಕದ್ದುಮುಚ್ಚಿ ಹೆಣೆದಿದ್ದೆ. ಅಪ್ಪ ಅದನ್ನು ನೆತ್ತಿಯ ಮೇಲೆ ಇಟ್ಟುಕೊಂಡು, ‘ಇದು ತೆಂಗಿನಕಾಯಿಗೆ ಮಾಡಿದ್ದೇನ್ಲಾ?’ ಅಂದರು. ಮನೆಮಂದಿಯೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮೂರು ಎನ್. ಬೇಗೂರು. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದಲ್ಲಿ ನಮ್ಮೂರ ಹೆಸರಿನದೇ ಒಂದು ವಲಯವಿದೆ ಅಂದರೆ ಕಾಡು ಎಷ್ಟು ಹತ್ತಿರ ಅನ್ನುವುದು ನಿಮಗೆ ಅರ್ಥವಾಗಬಹುದು. ನಾನು ಮೈಸೂರಿನಲ್ಲಿ ಬಿ.ಇ. ಓದುತ್ತಿದ್ದೇನೆ. ಹೆಣಿಗೆ ಕಲಿಸಿದ್ದು ಅಜ್ಜಿ. ಅವಳ ಪ್ರಾಯದ ಕಾಲದಲ್ಲಿ ಊರಿಗೆ ಬರುತ್ತಿದ್ದ ನರ್ಸಮ್ಮ ಒಬ್ಬರು ಹೇಳಿಕೊಟ್ಟಿದ್ದರಂತೆ. ಕಣ್ಣಿಗೆ ಪೊರೆ ಬಂದ ಮೇಲೆ ಅಜ್ಜಿ ಕಡ್ಡಿಗಳನ್ನು ಟ್ರಂಕಿಗೆ ಸೇರಿಸಿದ್ದಳು. ಒಂದು ರಜೆಯಲ್ಲಿ ಅವು ನನ್ನ ಕೈಗೆ ಸಿಕ್ಕವು. ‘ತಾ ಇಲ್ಲಿ’ ಅಂದವಳೇ ನೋಡದೆಯೇ ಎರಡು ಸಾಲು ಹೆಣೆದು ತೋರಿಸಿದಳು.

ಕಡ್ಡಿಯ ಮೇಲಿರುವ ಒಂದೊಂದು ಕುಣಿಕೆಯನ್ನೂ ಅಜ್ಜಿ ‘ಮನೆ’ ಅನ್ನುತ್ತಾಳೆ. ಇರುವುದೇ ಎರಡು ಬಗೆಯ ಮನೆ: ಸೀದಾ, ಉಲ್ಟಾ. ಸೊನ್ನೆ ಮತ್ತು ಒಂದು ಎರಡೇ ಅಂಕಿಯಿಂದ ಇಡೀ ಕಂಪ್ಯೂಟರ್ ನಡೆಯುವ ಹಾಗೆ, ಈ ಎರಡರಿಂದಲೇ ಬಹುಪಾಲು ವಿನ್ಯಾಸ ಹುಟ್ಟುತ್ತದೆ. ಮೊದಲು ತಂಗಿಗೆ ಮಫ್ಲರ್ ಶುರು ಮಾಡಿದೆ. 40 ಮನೆಯಿಂದ ಹೊರಟದ್ದು ಮುಗಿಯುವ ಹೊತ್ತಿಗೆ 47 ಆಗಿತ್ತು! ಸಾಲಿನ ತುದಿಯಲ್ಲಿ ದಾರ ಕಡ್ಡಿಯ ಮೇಲೆ ಹಾಯ್ದು ನನಗೇ ಗೊತ್ತಿಲ್ಲದೆ ಹೊಸ ಮನೆಗಳು ಹುಟ್ಟಿಕೊಂಡಿದ್ದವು. ತಂಗಿ ಮಾತ್ರ ಅದನ್ನೇ ಹೊಸ ಫ್ಯಾಷನ್ ಎಂದು ಕಾಲೇಜಿಗೆ ಸುತ್ತಿಕೊಂಡು ಹೋದಳು.

ಹಾಸ್ಟೆಲ್‌ನಲ್ಲಿ ಗೆಳೆಯರು ಬಿಡುತ್ತಾರೆಯೇ? ‘ಏನ್ ಮಗಾ, ಮದ್ವೆ ಫಿಕ್ಸ್ ಆಯ್ತಾ?’ ಎಂದು ಕಾಡಿಸಿದರು. 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರ ಕಟ್ಟಿದ ಇಂಗ್ಲೆಂಡಿನ ವಿಲಿಯಂ ಲೀ ಗಂಡಸು, ನಮ್ಮ ಕಡೆ ಮಗ್ಗದಲ್ಲಿ ಕಂಬಳಿ ನೇಯುವವರೂ ಗಂಡಸರೇ ಎಂದು ವಾದ ಹೂಡಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಅಪ್ಪನ ಟೋಪಿ ಯಾಕೆ ಕುಗ್ಗಿತು? ಅಮೆರಿಕದವರೊಬ್ಬರ ವಿಡಿಯೊ ನೋಡಿ, ಅದರಲ್ಲಿ ಹೇಳಿದಂತೆ 8ನೇ ನಂಬರಿನ ಕಡ್ಡಿ ಕೊಂಡು 90 ಮನೆ ಹಾಕಿದ್ದೆ. ಆದರೆ ಅಮೆರಿಕದ 8 ಎಂದರೆ 5 ಮಿ.ಮೀ. ದಪ್ಪ. ನನಗೆ ಅಂಗಡಿಯಲ್ಲಿ ಸಿಕ್ಕಿದ್ದು ಹಳೆಯ ಬ್ರಿಟಿಷ್ ಲೆಕ್ಕದ 8, ಅಂದರೆ 4 ಮಿ.ಮೀ. ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ಸಣ್ಣ, ಅಮೆರಿಕದ್ದು ಇದರ ತದ್ವಿರುದ್ಧ. 20 ಇಂಚು ಬರಬೇಕಿದ್ದ ಟೋಪಿಯ ಸುತ್ತಳತೆ 16 ಇಂಚಿಗೇ ನಿಂತಿತ್ತು.

ಎಂಜಿನಿಯರಿಂಗ್ ವಿದ್ಯಾರ್ಥಿಗೆ ಇದಕ್ಕಿಂತ ನಾಚಿಕೆ ಬೇರೆ ಇಲ್ಲ. ನಾಸಾದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ 1999ರ ಸೆಪ್ಟೆಂಬರ್ 23ರಂದು ಮಂಗಳನ ಬಳಿ ಹೋಗಿ ನಾಶವಾದದ್ದು ಇಂಥದೇ ತಪ್ಪಿನಿಂದ. ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತ್ತು, ಇನ್ನೊಂದು ತಂಡ ಅದನ್ನು ನ್ಯೂಟನ್ ಎಂದುಕೊಂಡಿತ್ತು. ತರಗತಿಯಲ್ಲಿ ಇದನ್ನು ಕೇಳಿ ‘ಇಷ್ಟೂ ಗೊತ್ತಾಗಲಿಲ್ವಾ ಅವ್ರಿಗೆ’ ಎಂದು ನಕ್ಕವರಲ್ಲಿ ನಾನೂ ಒಬ್ಬ.

ನನ್ನ ಗೋಳು ಕೇಳಿದ ಅಜ್ಜಿ, ‘ನಂಬರ್ ಯಾತುಕ್ಲಾ? ತುಂಡು ಹಾಕಿ ಎಣಿಸ್ದ್ಯಾ?’ ಅಂದಳು. ಯಾವುದನ್ನೇ ಹೆಣೆಯುವ ಮೊದಲು ಅದೇ ದಾರ, ಅದೇ ಕಡ್ಡಿಯಲ್ಲಿ ಅಂಗೈಯಗಲದ ಒಂದು ತುಂಡು ಹೆಣೆದು, ಇಂಚಿಗೆ ಎಷ್ಟು ಮನೆ ಬರುತ್ತದೆಂದು ಎಣಿಸಬೇಕು. ಒಬ್ಬರ ಕೈ ಬಿಗಿ, ಇನ್ನೊಬ್ಬರದು ಸಡಿಲ. ಹಾಗಾಗಿ ಪುಸ್ತಕದ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಆತುರದಲ್ಲಿ ನಾನು ಬಿಟ್ಟಿದ್ದು ಇದನ್ನೇ. ‘ಮೊದ್ಲು ಹೋಗಿ ನಿಮ್ಮಪ್ಪನ ತಲೆ ಅಳ್ಕೊಂಡು ಬಾ’ ಎಂದಳು.

ಅಪ್ಪ ಹೊಲದ ಅಟ್ಟಣೆಯಲ್ಲಿದ್ದರು. ರಾಗಿ ಕೊಯ್ಲಿಗೆ ಬರುವ ಹೊತ್ತಿನಲ್ಲಿ ಕಾಡಂಚಿನವರಿಗೆ ರಾತ್ರಿ ಕಾವಲು ತಪ್ಪಿದ್ದಲ್ಲ. ಕಂದಕ, ಸೋಲಾರ್ ಬೇಲಿ ದಾಟಿಯೂ ಆನೆ ಬರುತ್ತದೆ. ನಾನು ಟೇಪ್ ಹಿಡಿದು ಹತ್ತಿದೆ. ತಲೆಯ ಸುತ್ತಳತೆ 22 ಇಂಚು. ಈ ಸಲ ಕಿವಿ ಮುಚ್ಚುವ ಹಾಗೆ ಉದ್ದ ಹೆಣೆಯುತ್ತೇನೆ ಅಂದೆ.

‘ಕಿವಿ ಮುಚ್ಚೋ ಟೋಪಿ ಬ್ಯಾಡ ಕಣ್ಲಾ. ಕಿವಿ ಮುಚ್ಕಂಡ್ರೆ ಆನೆ ಬಂದದ್ದು ಎಂಗೆ ಗೊತ್ತಾದದು?’

ಆ ರಾತ್ರಿ ನಾನು ಅಲ್ಲೇ ಉಳಿದೆ. ಆನೆ ನಡೆದರೆ ಸದ್ದಾಗುವುದಿಲ್ಲ, ಬಿದಿರು ಮುರಿದರೆ ಆಗುತ್ತದೆ ಎಂದರು ಅಪ್ಪ. ಒಂದೊಂದು ಸದ್ದಿಗೂ ಕತ್ತು ಎತ್ತಿ ಕೇಳುತ್ತಿದ್ದರು. ಕೆಳಗೆ ಬೆಂಕಿ. ಇಳಿದು ಅದರ ಪಕ್ಕ ಕೂತಾಗಲೆಲ್ಲ ಕಿಡಿ ಹಾರಿ ಅವರು ಹೊದ್ದ ಹಳೆಯ ಕಂಬಳಿಯ ಮೇಲೆ ಬೀಳುತ್ತಿತ್ತು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಬೆಳೆದಿದ್ದೇನೆ. ನನ್ನ ಫೀಸು ಕಟ್ಟುವ ರಾಗಿ, ಹತ್ತಿಯನ್ನು ಅಪ್ಪ ಹೇಗೆ ಕಾಯುತ್ತಾರೆ ಎಂದು ಬೆಳಗಾಗುವವರೆಗೆ ಕೂತು ನೋಡಿದ್ದು ಅದೇ ಮೊದಲು.

ಟೋಪಿಯ ಲೆಕ್ಕ ಪೂರ್ತಿ ಬದಲಾಯಿತು. ಮೊದಲು ದಾರ. ನಾನು ತಂದಿದ್ದು ಅಕ್ರಿಲಿಕ್. ಅದಕ್ಕೆ ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆಗೆ ಕಿಡಿ ಬಿದ್ದರೆ ಅಲ್ಲೇ ಕರಕಲಾಗಿ ಆರಿಹೋಗುತ್ತದೆ. ಅಪ್ಪನ ಕಂಬಳಿಯ ತುಂಬಾ ಇದ್ದ ಕಪ್ಪು ಚುಕ್ಕೆಗಳೇ ಇದಕ್ಕೆ ಸಾಕ್ಷಿ. ದುಡ್ಡು ಹೆಚ್ಚಾದರೂ ಕಂದು ಬಣ್ಣದ ಉಣ್ಣೆಯನ್ನೇ ಕೊಂಡೆ.

ಇನ್ನು ಕಿವಿ. ಬೇಕಾದಾಗ ಇಳಿಸಿ, ಬೇಡವಾದಾಗ ಮಡಚುವ ಅಂಚು ಬೇಕಿತ್ತು. ಅದಕ್ಕೆ ಎರಡು ಸೀದಾ, ಎರಡು ಉಲ್ಟಾ ಹೆಣಿಗೆ ಕಲಿತೆ. ಸೀದಾ ಮನೆ ಮುಂದೆ ಉಬ್ಬುತ್ತದೆ, ಉಲ್ಟಾ ಹಿಂದೆ ಸರಿಯುತ್ತದೆ. ಹೀಗಾಗಿ ಬಟ್ಟೆ ಹಾರ್ಮೋನಿಯಂ ತಿದಿಯಂತೆ ಮಡಚಿಕೊಂಡು, ಎಳೆದರೆ ಹಿಗ್ಗಿ, ಬಿಟ್ಟರೆ ಕುಗ್ಗುತ್ತದೆ. ಹಿಂದಲೆಯಲ್ಲಿ ಹೊಲಿಗೆ ಒತ್ತಬಾರದೆಂದು, ಎರಡು ಕಡ್ಡಿಯ ನಡುವೆ ಬಳುಕುವ ತಂತಿಯಿರುವ ಸುತ್ತುಕಡ್ಡಿ ತರಿಸಿದೆ. ಅದರಲ್ಲಿ ಸುತ್ತಲೂ ಒಂದೇ ಸಮನೆ ಹೆಣೆಯಬಹುದು. ಇದನ್ನು ಅಜ್ಜಿಯೂ ಕಂಡಿರಲಿಲ್ಲ. ಬೆರಳಾಡಿಸಿ ನೋಡಿ, ‘ಹೊಲಿಗೆನೇ ಇಲ್ವಲ್ಲೋ!’ ಎಂದು ಬೆರಗಾದಳು.

ತುಂಡು ಹಾಕಿ ಎಣಿಸಿದೆ. 4 ಮಿ.ಮೀ. ಕಡ್ಡಿಯಲ್ಲಿ 4 ಇಂಚಿಗೆ 22 ಮನೆ, ಅಂದರೆ ಇಂಚಿಗೆ ಐದೂವರೆ. ಟೋಪಿ ತಲೆಯನ್ನು ಹಿಡಿದು ಕೂರಲು 2 ಇಂಚು ಕಡಿಮೆ ಇರಬೇಕು. 20 ಇಂಚಿಗೆ 110 ಮನೆ. ಆದರೆ ಅಂಚಿನ ಹೆಣಿಗೆಗೆ 4ರಿಂದ ಭಾಗವಾಗಬೇಕು, ನೆತ್ತಿಯನ್ನು ಎಂಟು ಪಾಲು ಮಾಡಿ ಇಳಿಸಲು 8ರಿಂದ. ಹಾಗಾಗಿ 112. ಪಾಲಿಗೆ 14 ಮನೆ. ಸುತ್ತು ಬಿಟ್ಟು ಸುತ್ತು ಪ್ರತಿ ಪಾಲಿನಲ್ಲೂ ಎರಡು ಮನೆ ಕೂಡಿಸಿ ಒಂದು ಮಾಡುತ್ತಾ ಹೋದೆ. ಎಂಟೇ ಉಳಿದಾಗ ಅವುಗಳೊಳಗೆ ದಾರ ಪೋಣಿಸಿ ಬಿಗಿದೆ. ನಡುವೆ ಎರಡು ಸಲ ಪೂರ್ತಿ ಬಿಚ್ಚಿದ್ದೂ ಉಂಟು. ಬಿಚ್ಚಿದರೂ ದಾರ ಹಾಗೇ ಉಳಿಯುತ್ತದಲ್ಲ, ಅದೇ ಸಮಾಧಾನ.

ಡಿಸೆಂಬರ್ ಮಧ್ಯದಲ್ಲಿ ಟೋಪಿ ಊರು ತಲುಪಿತು. ಅಪ್ಪ ಚೆನ್ನಾಗಿದೆ ಎಂದೇನೂ ಹೇಳಲಿಲ್ಲ. ಹಾಕಿಕೊಂಡರು, ಅಂಚನ್ನು ಕಿವಿಯ ಮೇಲಕ್ಕೆ ಎರಡು ಮಡಿಕೆ ಮಡಚಿದರು, ಟಾರ್ಚ್ ತೆಗೆದುಕೊಂಡು ಹೊಲದ ಕಡೆ ನಡೆದರು. ಮರುದಿನ ಬೆಳಿಗ್ಗೆ ಅವರು ಬಂದಾಗ ಟೋಪಿಯಲ್ಲಿ ಹೊಗೆಯ ವಾಸನೆಯಿತ್ತು, ಒಂದು ಕಡೆ ಚಿಕ್ಕ ಕಪ್ಪು ಚುಕ್ಕೆ.

ಈಗ ಅವ್ವನಿಗೆ ಕಾಲುಚೀಲ ಹೆಣೆಯಬೇಕೆಂದಿದ್ದೇನೆ. ಹಿಮ್ಮಡಿ ತಿರುಗಿಸುವುದು ಹೆಣಿಗೆಯಲ್ಲೇ ಕಷ್ಟದ ಪಾಠಗಳಲ್ಲೊಂದು. ಸಾಲನ್ನು ಅರ್ಧಕ್ಕೇ ನಿಲ್ಲಿಸಿ ಹಿಂದೆ ಮುಂದೆ ಹೆಣೆದು ಬಟ್ಟೆಯನ್ನು ಬಟ್ಟಲಿನಂತೆ ಬಗ್ಗಿಸಬೇಕು. ಕಳೆದ ವಾರ ಅಳತೆ ತೆಗೆಯಲು ಟೇಪ್ ಹಿಡಿದು ಕೂತೆ. ‘ಥೂ, ಒಡೆದಿರೋ ಹಿಮ್ಮಡಿ, ಮಣ್ಣು ಬೇರೆ, ಮುಟ್ಬ್ಯಾಡ’ ಎಂದು ಅವ್ವ ಕಾಲು ಹಿಂದಕ್ಕೆ ಎಳೆದುಕೊಂಡಳು.

ಮುಂದಿನ ವಾರ ಊರಿಗೆ ಹೋದಾಗ ಮತ್ತೆ ಕೇಳುತ್ತೇನೆ. ಅಳತೆಯಿಲ್ಲದೆ ಶುರು ಮಾಡುವ ತಪ್ಪನ್ನು ಇನ್ನೊಮ್ಮೆ ಮಾಡಲಾರೆ.