ಇನ್‌ಹೇಲರ್ ಹಿಡಿಯಲು ಕಲಿಸಿದವರು

ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಮಾತ್ರೆಯಲ್ಲಿ 4 ಮಿಲಿಗ್ರಾಂ ಮದ್ದಿದ್ದರೆ, ಅದೇ ಮದ್ದಿನ ಇನ್‌ಹೇಲರ್ ಒಮ್ಮೆ ಒತ್ತಿದಾಗ ಬರುವುದು 100 ಮೈಕ್ರೋಗ್ರಾಂ. ನಲವತ್ತರಲ್ಲಿ ಒಂದು ಪಾಲು. ಮದ್ದು ರಕ್ತದಲ್ಲಿ ಸುತ್ತಾಡದೆ ಶ್ವಾಸನಾಳಕ್ಕೇ ಇಳಿಯುವುದರಿಂದ ಅಷ್ಟೇ ಸಾಕು. ಆದರೆ ಇಳಿಸುವುದು ಸುಲಭವಲ್ಲ. ಬಾಯಿಂದ ಗಂಟಲಿಗೆ ಹೋಗುವ ದಾರಿ ಥಟ್ಟನೆ ತಿರುಗುತ್ತದೆ. ಐದು ಮೈಕ್ರಾನಿಗಿಂತ ದಪ್ಪದ ಕಣಗಳಲ್ಲಿ ಹೆಚ್ಚಿನವು ಆ ತಿರುವಿನಲ್ಲಿ ಗೋಡೆಗೆ ಬಡಿದು ಅಲ್ಲೇ ಅಂಟಿಕೊಳ್ಳುತ್ತವೆ. ಒಂದು ಮೈಕ್ರಾನಿಗಿಂತ ಸಣ್ಣವು ಎಷ್ಟೋ ಸಲ ಉಸಿರಿನೊಂದಿಗೇ ಹೊರಗೆ ಬರುತ್ತವೆ.

ಕಣದ ಗಾತ್ರ ಕಂಪನಿಯ ಕೈಯಲ್ಲಿದೆ, ಉಸಿರು ರೋಗಿಯದು. ಒತ್ತುವ ಇನ್‌ಹೇಲರನ್ನು ನಿಧಾನವಾಗಿ, ಆಳವಾಗಿ ಎಳೆಯಬೇಕು. ಪುಡಿಯ ಇನ್‌ಹೇಲರನ್ನು ಜೋರಾಗಿ ಎಳೆಯಬೇಕು, ಪುಡಿಯನ್ನು ಒಡೆದು ಹಾರಿಸುವುದು ಆ ಸೆಳೆತವೇ. ಎರಡರ ರೀತಿಯೂ ತದ್ವಿರುದ್ಧ. ಒಂದನ್ನು ಬಳಸಿ ರೂಢಿಯಾದವರಿಗೆ ಇನ್ನೊಂದನ್ನು ಕೊಟ್ಟು ಸುಮ್ಮನೆ ಕಳಿಸಿದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. 1975ರಿಂದ 2014ರವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಸರಿಯಾಗಿ ಬಳಸುವವರು ನೂರಕ್ಕೆ ಸುಮಾರು 31 ಮಂದಿ. ನಲವತ್ತು ವರ್ಷಗಳಲ್ಲಿ ಹೇಳಿಕೊಳ್ಳುವಂಥ ಸುಧಾರಣೆಯೇ ಇಲ್ಲ.

ಇಮಾನ್ ಬಶೇಟಿ ತಮ್ಮ ವೃತ್ತಿಯನ್ನು ಕಟ್ಟಿಕೊಂಡಿದ್ದು ಈ ಸಮಸ್ಯೆಯ ಸುತ್ತಲೇ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿ, ಬಳಿಕ ಜೋರ್ಡಾನಿನಲ್ಲಿ ಫಾರ್ಮಸಿ ಪ್ರಾಧ್ಯಾಪಕಿಯಾದವರು. ಸಿಡ್ನಿಯ ತಂಡದ ಪ್ರಯೋಗಗಳಲ್ಲಿ ಮೊದಲು ಪರೀಕ್ಷೆಗೆ ಕೂತವರು ಔಷಧದಂಗಡಿಯ ಫಾರ್ಮಸಿಸ್ಟರು. ಟರ್ಬುಹೇಲರ್ ಎಂಬ ಪುಡಿಯ ಸಾಧನವನ್ನು ನೆಟ್ಟಗೆ ಹಿಡಿದು ಬುಡವನ್ನು ಅತ್ತ ಒಮ್ಮೆ, ಇತ್ತ ಒಮ್ಮೆ ತಿರುಗಿಸಿ 'ಕ್ಲಿಕ್' ಎನಿಸಬೇಕು. ಅದರೊಳಗೆ ಊದದೆ, ಮುಖ ಆಚೆ ತಿರುಗಿಸಿ ಉಸಿರು ಬಿಡಬೇಕು. ಆಮೇಲೆ ಬಾಯಿಗಿಟ್ಟು ರಭಸದಿಂದ ಎಳೆಯಬೇಕು. ನಾಲಿಗೆಗೆ ರುಚಿಯೇ ತಾಗದ್ದರಿಂದ, ಮದ್ದು ಬಂತೋ ಇಲ್ಲವೋ ಎಂದು ಇನ್ನೊಮ್ಮೆ ತಿರುಗಿಸುವವರೂ ಉಂಟು. ತರಬೇತಿಗೆ ಮುನ್ನ ಇಷ್ಟನ್ನು ತಪ್ಪಿಲ್ಲದೆ ಮಾಡಿ ತೋರಿಸಿದ ಫಾರ್ಮಸಿಸ್ಟರು ವಿರಳ. ಕಲಿಸಬೇಕಾದವರಿಗೇ ಪಾಠ ಬೇಕಿತ್ತು.

ಪರಿಹಾರ ಅಚ್ಚರಿಯಾಗುವಷ್ಟು ಸರಳ. ಚೀಟಿ ಓದಿಸುವ ಬದಲು ಫಾರ್ಮಸಿಸ್ಟ್ ತಾನೇ ಮಾಡಿ ತೋರಿಸುವುದು, ರೋಗಿಯಿಂದ ಮಾಡಿಸುವುದು, ತಪ್ಪಿದಲ್ಲಿ ತಿದ್ದುವುದು, ತಪ್ಪಿದ ಹಂತವನ್ನು ಸಣ್ಣ ಲೇಬಲ್ಲಿನಲ್ಲಿ ಗುರುತು ಹಾಕಿ ಸಾಧನಕ್ಕೇ ಅಂಟಿಸುವುದು. ಒಬ್ಬರಿಗೆ ತಗಲುತ್ತಿದ್ದ ಸಮಯ ಸುಮಾರು ಎರಡೂವರೆ ನಿಮಿಷ. 2007ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಬಳಸುವ ರೀತಿಯ ಜೊತೆ ಉಬ್ಬಸದ ಹತೋಟಿಯೂ ಸುಧಾರಿಸಿತ್ತು, ಹೊಸ ಮದ್ದೊಂದನ್ನೂ ಸೇರಿಸದೆ. ಮರೆವು ಮಾತ್ರ ಬೆನ್ನು ಬಿಡದು, ಹಾಗಾಗಿ ಆಗಾಗ ಮತ್ತೆ ತೋರಿಸಲೇಬೇಕು.

ಪ್ರಯೋಗಾಲಯದಲ್ಲಿ ಅಣುಗಳನ್ನು ಜೋಡಿಸುವವರಿಗೆ ಸಿಗುವ ಹೆಸರು ಇಂಥ ಕೆಲಸಕ್ಕೆ ಸಿಗುವುದಿಲ್ಲ, ಇದು ಅನ್ಯಾಯವೆಂದೇ ನನ್ನ ಅನಿಸಿಕೆ. ಭಾರತದಲ್ಲಿ 2008ರಿಂದ ಆರು ವರ್ಷದ ಫಾರ್ಮ್-ಡಿ ಪದವಿ ಇದೆ. ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯ ಇಂಟರ್ನ್‌ಷಿಪ್. ರೋಗಿಯ ಮುಂದೆ ಕೂತು ಇನ್‌ಹೇಲರ್ ತೋರಿಸಿಕೊಡಬಲ್ಲವರು ಹೀಗೆ ತಯಾರಾಗುತ್ತಿದ್ದಾರೆ. ಆದರೆ ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಂಜೆ ಏಳರ ನೂಕುನುಗ್ಗಲಿನ ನಡುವೆ ಆ ಎರಡೂವರೆ ನಿಮಿಷ ಕೊಡುವವರು ಯಾರು, ಅದಕ್ಕೆ ದುಡ್ಡು ಯಾರದು ಎಂಬುದಿನ್ನೂ ಇತ್ಯರ್ಥವಾಗಿಲ್ಲ.