ಹನ್ನೊಂದನೆಯ ಸದಸ್ಯ: ಆಸಿಯಾನ್ ಕೂಟಕ್ಕೆ ತಿಮೋರ್-ಲೆಸ್ಟೆ ಸೇರಿದ ಬಗೆ



2025ರ ಅಕ್ಟೋಬರ್ 26ರಂದು ಮಲೇಷ್ಯದ ಕೌಲಾಲಂಪುರದಲ್ಲಿ ನಡೆದ ಸಭೆಯಲ್ಲಿ, ಆಗ್ನೇಯ ಏಷ್ಯಾ ರಾಷ್ಟ್ರಗಳ ಕೂಟವಾದ 'ಆಸಿಯಾನ್' ತನ್ನ ಹನ್ನೊಂದನೆಯ ಸದಸ್ಯ ರಾಷ್ಟ್ರವನ್ನು ಸೇರಿಸಿಕೊಂಡಿತು. ಆ ರಾಷ್ಟ್ರದ ಹೆಸರು ತಿಮೋರ್-ಲೆಸ್ಟೆ. ಇಂಡೊನೇಷ್ಯ ಮತ್ತು ಆಸ್ಟ್ರೇಲಿಯಗಳ ನಡುವೆ ಇರುವ ತಿಮೋರ್ ದ್ವೀಪದ ಪೂರ್ವಾರ್ಧವೇ ಈ ದೇಶ. ಜನಸಂಖ್ಯೆ ಸುಮಾರು ಹದಿನಾಲ್ಕು ಲಕ್ಷ.

ಅಷ್ಟು ದೂರದ ಚಿಕ್ಕ ದೇಶವೊಂದು ಯಾವುದೋ ಕೂಟಕ್ಕೆ ಸೇರಿದರೆ ಮಲೆನಾಡಿನ ಬೆಳೆಗಾರರಿಗೆ ಏನಾಗಬೇಕು ಎಂದು ಸದಸ್ಯರು ಕೇಳಬಹುದು. ಅದೂ ನಮ್ಮಂತೆ ಕಾಫಿ ಬೆಳೆಯುವ ನಾಡು. ಆ ಕೂಟದೊಡನೆ ನಮ್ಮ ದೇಶಕ್ಕೆ ವ್ಯಾಪಾರದ ಕರಾರಿದೆ, ಆ ಕರಾರಿನಲ್ಲಿ ಕಾಫಿ, ಮೆಣಸುಗಳ ಹೆಸರಿದೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಬಡ ಸದಸ್ಯನೊಬ್ಬನನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಹದಿನಾಲ್ಕು ವರ್ಷ ನಡೆದ ಈ ವಿಚಾರ, ನಮ್ಮ ಸಂಘಗಳ ಆಡಳಿತ ಮಂಡಳಿಗಳಲ್ಲಿ ಆಗಾಗ ಏಳುವ ವಿಚಾರವೇ ಆಗಿದೆ. ಆದುದರಿಂದ ಇದನ್ನು ಸ್ವಲ್ಪ ವಿವರವಾಗಿ ತಿಳಿಯೋಣ.

ಕೂಟದ ಸ್ವರೂಪ

ಆಸಿಯಾನ್ ಸ್ಥಾಪನೆಯಾದುದು 1967ರ ಆಗಸ್ಟ್ 8ರಂದು, ಬ್ಯಾಂಕಾಕ್ ನಗರದಲ್ಲಿ. ಇಂಡೊನೇಷ್ಯ, ಮಲೇಷ್ಯ, ಫಿಲಿಪೈನ್ಸ್, ಸಿಂಗಾಪುರ ಮತ್ತು ಥಾಯ್ಲೆಂಡ್ ಎಂಬ ಐದು ದೇಶಗಳು ಮೂಲ ಸದಸ್ಯರು. 1984ರಲ್ಲಿ ಬ್ರೂನೈ, 1995ರಲ್ಲಿ ವಿಯೆಟ್ನಾಂ, 1997ರಲ್ಲಿ ಲಾವೋಸ್ ಮತ್ತು ಮ್ಯಾನ್ಮಾರ್, 1999ರಲ್ಲಿ ಕಾಂಬೋಡಿಯ ಬಂದು ಸೇರಿದವು. ಆ ಬಳಿಕ ಇಪ್ಪತ್ತಾರು ವರ್ಷ ಹೊಸಬರು ಯಾರೂ ಸೇರಿರಲಿಲ್ಲ.

ಈ ಕೂಟಕ್ಕೆ ನಮ್ಮ ಸಂಘಗಳ ಬೈಲಾದಂತೆಯೇ ಒಂದು ಸನ್ನದು ಇದೆ. ಅದು ಜಾರಿಗೆ ಬಂದುದು 2008ರ ಡಿಸೆಂಬರಿನಲ್ಲಿ. ಹೊಸ ಸದಸ್ಯನಿಗೆ ಅದು ನಾಲ್ಕು ಷರತ್ತುಗಳನ್ನು ಹಾಕುತ್ತದೆ. ಒಂದು, ಅರ್ಜಿದಾರ ದೇಶ ಆಗ್ನೇಯ ಏಷ್ಯಾದ ಭೂಭಾಗದಲ್ಲಿ ಇರಬೇಕು. ಎರಡು, ಇರುವ ಸದಸ್ಯರೆಲ್ಲರೂ ಅದನ್ನು ದೇಶವೆಂದು ಮಾನ್ಯ ಮಾಡಿರಬೇಕು. ಮೂರು, ಸನ್ನದಿಗೆ ಬದ್ಧವಾಗಿರಲು ಅದು ಒಪ್ಪಬೇಕು. ನಾಲ್ಕು, ಸದಸ್ಯತ್ವದ ಹೊಣೆಗಳನ್ನು ಹೊರುವ ಮನಸ್ಸೂ ಶಕ್ತಿಯೂ ಅದಕ್ಕೆ ಇರಬೇಕು. ಇವೆಲ್ಲ ಕೂಡಿದರೂ ಸಾಲದು. ಸೇರಿಸಿಕೊಳ್ಳುವ ತೀರ್ಮಾನ ಸರ್ವಾನುಮತದಿಂದಲೇ ಆಗಬೇಕು. ಕೈಯೆತ್ತಿ ಬಹುಮತ ಎಣಿಸುವ ಪದ್ಧತಿ ಅಲ್ಲಿಲ್ಲ. ಒಬ್ಬರು ಒಲ್ಲೆ ಎಂದರೂ ಅರ್ಜಿ ಮುಂದಕ್ಕೆ ಹೋಗದು.

ಅರ್ಜಿದಾರನ ಸ್ಥಿತಿ

ತಿಮೋರ್-ಲೆಸ್ಟೆ ನೂರಾರು ವರ್ಷ ಪೋರ್ಚುಗೀಸರ ವಸಾಹತಾಗಿತ್ತು. 1975ರ ನವೆಂಬರ್ 28ರಂದು ಸ್ವಾತಂತ್ರ್ಯ ಸಾರಿತು. ಹತ್ತೇ ದಿನಗಳೊಳಗೆ ಇಂಡೊನೇಷ್ಯದ ಸೈನ್ಯ ಒಳನುಗ್ಗಿತು. ಇಪ್ಪತ್ನಾಲ್ಕು ವರ್ಷಗಳ ಬಳಿಕ, 1999ರ ಆಗಸ್ಟ್ 30ರಂದು ನಡೆದ ಜನಮತ ಗಣನೆಯಲ್ಲಿ ಶೇಕಡ 78ಕ್ಕೂ ಹೆಚ್ಚು ಮಂದಿ ಸ್ವಾತಂತ್ರ್ಯದ ಪರವಾಗಿ ನಿಂತರು. ಅದರ ಬೆನ್ನಿಗೇ ನಡೆದ ಹಿಂಸಾಚಾರದಲ್ಲಿ ಮನೆ, ಶಾಲೆ, ಕಚೇರಿಗಳು ಸುಟ್ಟುಹೋದವು. 2002ರ ಮೇ 20ರಂದು ದೇಶ ಮತ್ತೆ ಸ್ವತಂತ್ರವಾಯಿತು.

ಸರ್ಕಾರದ ಬೊಕ್ಕಸಕ್ಕೆ ಮುಖ್ಯ ಆಧಾರ ಸಮುದ್ರದಡಿಯ ತೈಲ ಮತ್ತು ಅನಿಲದಿಂದ ಬಂದ ಹಣ. ಅದನ್ನು ಬಿಟ್ಟರೆ ಹೊರದೇಶಕ್ಕೆ ಹೋಗುವ ದೊಡ್ಡ ಸರಕು ಕಾಫಿಯೇ. ಎರ್ಮೆರಾ ಎಂಬ ಗುಡ್ಡಗಾಡು ಸೀಮೆಯಲ್ಲಿ ಸಣ್ಣ ಹಿಡುವಳಿದಾರರು ನೆರಳುಮರಗಳ ಕೆಳಗೆ ಅರೇಬಿಕಾ ಬೆಳೆಯುತ್ತಾರೆ. 'ಕೋಆಪರೇಟಿವಾ ಕೆಫೆ ತಿಮೋರ್' ಎಂಬ ಸಹಕಾರ ಸಂಸ್ಥೆ ಅವರ ಹಣ್ಣನ್ನು ಕೊಂಡು ಸಂಸ್ಕರಿಸಿ ಮಾರುತ್ತದೆ. ಅತಿಥಿ ಬಂದರೆ ಎಲೆ ಅಡಿಕೆ ಮುಂದಿಡುವ ರೂಢಿಯೂ ಅಲ್ಲಿದೆ. ಅವರ ತೇತುಂ ನುಡಿಯಲ್ಲಿ ಅಡಿಕೆಗೆ 'ಬುವಾ', ವೀಳ್ಯದೆಲೆಗೆ 'ಮಾಲುಸ್' ಎನ್ನುತ್ತಾರೆ.

ನಮ್ಮ ತೋಟಕ್ಕೆ ಬಂದ ತಿಮೋರಿನ ಬಳುವಳಿ

ಈ ದ್ವೀಪಕ್ಕೂ ನಮ್ಮ ತೋಟಗಳಿಗೂ ಒಂದು ಹಳೆಯ ನಂಟು ಇದೆ. ಅರೇಬಿಕಾ ಮತ್ತು ರೊಬಸ್ಟಾ ತಳಿಗಳು ತಾವಾಗಿ ಬೆರೆಯುವುದು ಬಲು ಅಪರೂಪ. ಅಂತಹ ಒಂದು ಬೆರಕೆ ಗಿಡ 1920ರ ದಶಕದಲ್ಲಿ ತಿಮೋರಿನ ತೋಟವೊಂದರಲ್ಲಿ ಕಣ್ಣಿಗೆ ಬಿತ್ತು. ಕಾಣಲು ಅರೇಬಿಕಾದಂತೆ, ಎಲೆ ತುಕ್ಕು ರೋಗವನ್ನು ತಡೆಯುವ ಗುಣ ಮಾತ್ರ ರೊಬಸ್ಟಾದ್ದು. 'ಹಿಬ್ರಿಡೊ ಡಿ ತಿಮೋರ್' ಎಂದು ಅದಕ್ಕೆ ಹೆಸರಾಯಿತು.

ಇದನ್ನು ಕಟೂರಾ ತಳಿಯೊಡನೆ ಕೂಡಿಸಿ ಪಡೆದ ಕ್ಯಾಟಿಮೋರ್ ಗುಂಪಿನಿಂದ ಬಂದುದೇ ನಮ್ಮವರು ಬೆಳೆದ 'ಕಾವೇರಿ'. ವಿಲ್ಲಾ ಸಾರ್ಚಿ ತಳಿಯೊಡನೆ ಕೂಡಿಸಿದ ಗುಂಪಿನಿಂದ ಬಂದುದು 2007ರಲ್ಲಿ ಬಿಡುಗಡೆಯಾದ 'ಚಂದ್ರಗಿರಿ'. ಕಾವೇರಿಯ ರೋಗನಿರೋಧ ಶಕ್ತಿ ಕಾಲಕ್ರಮದಲ್ಲಿ ಕುಂದಿದ್ದನ್ನು ನಾವು ಕಂಡಿದ್ದೇವೆ. ಹಾಗಿದ್ದರೂ ಅರೇಬಿಕಾ ಬೆಳೆಯನ್ನು ಉಳಿಸಿಕೊಳ್ಳಲು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರಕ್ಕೂ ಲೋಕದ ಇತರ ಕೇಂದ್ರಗಳಿಗೂ ಒದಗಿ ಬಂದ ಆಧಾರಗಳಲ್ಲಿ ಆ ಒಂದು ಗಿಡವೂ ಸೇರಿದೆ. ಬಡವನ ಹಿತ್ತಲಲ್ಲಿ ಏನಿದೆಯೆಂದು ನೋಡದೆ ಅವನಿಂದ ನಮಗೇನು ಲಾಭ ಎನ್ನುವವರು ಇದನ್ನು ನೆನಪಿನಲ್ಲಿಡಬೇಕು.

ಅರ್ಜಿ ನಡೆದ ದಾರಿ

ತಿಮೋರ್-ಲೆಸ್ಟೆ ಅರ್ಜಿ ಸಲ್ಲಿಸಿದ್ದು 2011ರ ಮಾರ್ಚಿಯಲ್ಲಿ. ಆ ವರ್ಷ ಕೂಟದ ಅಧ್ಯಕ್ಷ ಸ್ಥಾನದಲ್ಲಿದ್ದುದು ಇಂಡೊನೇಷ್ಯ. ಒಂದು ಕಾಲಕ್ಕೆ ಸೈನ್ಯ ನುಗ್ಗಿಸಿದ ನೆರೆಯ ದೇಶವೇ ಅರ್ಜಿಗೆ ಬೆಂಬಲವಾಗಿ ನಿಂತಿತು. ಬೇಲಿ ಜಗಳವನ್ನು ಮೊಮ್ಮಕ್ಕಳ ಕಾಲದವರೆಗೂ ಸಾಕುವ ನಾವು ಇದನ್ನು ಗಮನಿಸಬೇಕು.

ಅಡ್ಡಿ ಬಂದುದು ನಾಲ್ಕನೆಯ ಷರತ್ತಿನಲ್ಲಿ, ಎಂದರೆ ಹೊಣೆ ಹೊರುವ ಶಕ್ತಿಯ ವಿಚಾರದಲ್ಲಿ. ಕೂಟದಲ್ಲಿ ವರ್ಷಕ್ಕೆ ಸಾವಿರಕ್ಕೂ ಮೀರಿ ಸಭೆಗಳು ನಡೆಯುತ್ತವೆ. ಅವೆಲ್ಲಕ್ಕೂ ಇಂಗ್ಲಿಷ್ ಬಲ್ಲ, ವಿಷಯ ತಿಳಿದ ಅಧಿಕಾರಿಗಳನ್ನು ಕಳಿಸಬೇಕು. ಕೇಂದ್ರ ಕಾರ್ಯಾಲಯದ ಖರ್ಚಿಗೆ ಎಲ್ಲ ಸದಸ್ಯರೂ ಸಮಪಾಲು ಕೊಡಬೇಕು. ಶ್ರೀಮಂತ ಸಿಂಗಾಪುರಕ್ಕೂ ಬಡ ಲಾವೋಸಿಗೂ ಒಂದೇ ಮೊತ್ತ. ಇದಲ್ಲದೆ ಸುಂಕ, ಸರಕಿನ ಗುಣಮಟ್ಟ, ಬಂಡವಾಳ ಮುಂತಾದ ಬಗೆಬಗೆಯ ಕರಾರುಗಳಿಗೆ ತಕ್ಕಂತೆ ತನ್ನ ಕಾಯಿದೆಗಳನ್ನು ತಿದ್ದಿಕೊಳ್ಳಬೇಕು. ಆಗತಾನೆ ಆಡಳಿತ ಕಟ್ಟುತ್ತಿದ್ದ ದೇಶಕ್ಕೆ ಇದು ಸಾಧ್ಯವೇ ಎಂಬ ಶಂಕೆಯನ್ನು ಸಿಂಗಾಪುರವೇ ಮೊದಲಾದವು ಎತ್ತಿದವು. ಆ ಶಂಕೆ ದುರುದ್ದೇಶದ್ದೆಂದು ತಳ್ಳಿಹಾಕುವಂತಿರಲಿಲ್ಲ.

ಮುಂದೆ 2019 ಮತ್ತು 2022ರಲ್ಲಿ ಕೂಟದ ತಂಡಗಳು ಅಲ್ಲಿಗೆ ಹೋಗಿ ಸ್ಥಿತಿಗತಿಗಳನ್ನು ಕಣ್ಣಾರೆ ನೋಡಿ ಬಂದವು. 2022ರ ನವೆಂಬರಿನಲ್ಲಿ ನಾಮ್ ಪೆನ್ ನಗರದ ಸಭೆ ತಾತ್ವಿಕವಾಗಿ ಒಪ್ಪಿಗೆ ಕೊಟ್ಟು, ಆ ದೇಶವನ್ನು ವೀಕ್ಷಕನ ಸ್ಥಾನದಲ್ಲಿ ಕೂರಿಸಿತು. ವೀಕ್ಷಕನೆಂದರೆ ಸಭೆಗೆ ಬರಬಹುದು, ಕೇಳಬಹುದು, ಕಲಿಯಬಹುದು, ತೀರ್ಮಾನದಲ್ಲಿ ಪಾಲಿಲ್ಲ. 2023ರ ಮೇ ತಿಂಗಳಲ್ಲಿ, ಏನೇನು ಪೂರೈಸಿದರೆ ಪೂರ್ಣ ಸದಸ್ಯತ್ವ ದೊರೆಯುವುದೆಂಬ ಪಟ್ಟಿಯನ್ನು ಬರವಣಿಗೆಯಲ್ಲಿ ಕೊಡಲಾಯಿತು. ಈ ನಡುವೆ 2024ರ ಆಗಸ್ಟ್ 30ರಂದು ತಿಮೋರ್-ಲೆಸ್ಟೆ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯನೂ ಆಯಿತು. ಮರು ವರ್ಷ ಪ್ರಧಾನಿ ಶನಾನಾ ಗುಸ್ಮಾವ್ ಅವರ ಸಮ್ಮುಖದಲ್ಲಿ ಆ ದೇಶದ ಬಾವುಟ ಉಳಿದ ಹತ್ತರ ಜೊತೆಗೆ ನಿಂತಿತು.

ಇಲ್ಲಿ ಗಮನಿಸಬೇಕಾದ ಅಂಶವಿದೆ. ಮೊದಲ ಹನ್ನೊಂದು ವರ್ಷ ಕೆಲಸ ಕುಂಟುತ್ತ ಸಾಗಿತು. ವೀಕ್ಷಕ ಸ್ಥಾನ ಮತ್ತು ಬರವಣಿಗೆಯ ಪಟ್ಟಿ ದೊರೆತ ಮೇಲೆ ಮೂರೇ ವರ್ಷದಲ್ಲಿ ಮುಗಿಯಿತು. "ನೋಡೋಣ" ಎಂಬ ಮಾತಿಗೂ "ಇಷ್ಟನ್ನು ಪೂರೈಸಿ ಬನ್ನಿ" ಎಂಬ ಮಾತಿಗೂ ಇರುವ ಅಂತರ ಇದು.

ನಮ್ಮ ಬೆಳೆಗಳ ಮೇಲೆ ಪರಿಣಾಮ

ಭಾರತ ಮತ್ತು ಆಸಿಯಾನ್ ನಡುವಿನ ಸರಕು ವ್ಯಾಪಾರದ ಕರಾರಿಗೆ 2009ರ ಆಗಸ್ಟಿನಲ್ಲಿ ಸಹಿ ಬಿದ್ದು, 2010ರ ಜನವರಿ 1ರಿಂದ ಅದು ಜಾರಿಗೆ ಬಂತು. ಕಾಫಿ, ಚಹ, ಕರಿಮೆಣಸು ಮತ್ತು ತಾಳೆ ಎಣ್ಣೆಗಳನ್ನು ವಿಶೇಷ ಸರಕುಗಳೆಂದು ಬೇರೆ ಇಡಲಾಯಿತು. ಅವುಗಳ ಸುಂಕ ಪೂರ್ತಿ ಹೋಗಲಿಲ್ಲ. ಕಾಫಿಯ ಮೇಲಿನ ಶೇಕಡ 100ರ ಸುಂಕವನ್ನು ಹಂತಹಂತವಾಗಿ 45ಕ್ಕೂ, ಮೆಣಸಿನ ಮೇಲಿನ ಶೇಕಡ 70ನ್ನು 50ಕ್ಕೂ ಇಳಿಸುವುದೆಂದು ಒಪ್ಪಂದವಾಯಿತು. ಈ ಕರಾರನ್ನು ಮರುಪರಿಶೀಲಿಸಲು 2023ರಲ್ಲಿ ಎರಡು ಕಡೆಯವರೂ ಸಮ್ಮತಿಸಿದರು.

ಕೂಟಕ್ಕೆ ಹೊಸಬರು ಸೇರಿದ ಮಾತ್ರಕ್ಕೆ ಭಾರತದೊಡನೆ ಇರುವ ಕರಾರಿನಲ್ಲಿ ಅವರು ತಾನಾಗಿ ಪಾಲುದಾರರಾಗುವುದಿಲ್ಲ. ಕರಾರುಗಳಿಗೆ ಬೇರೆ ಬೇರೆಯಾಗಿಯೇ ಸೇರಬೇಕು. ಮೇಲಾಗಿ ಅವರ ಕಾಫಿ ಪ್ರಮಾಣ ನಮ್ಮ ದೇಶದ ಸುಮಾರು ಮೂರೂವರೆ ಲಕ್ಷ ಟನ್ ಬೆಳೆಯ ಮುಂದೆ ಬಲು ಚಿಕ್ಕದು. ಆದುದರಿಂದ ತಿಮೋರಿನ ಕಾಫಿ ಬಂದು ನಮ್ಮ ಧಾರಣೆಯನ್ನು ಕೆಡವೀತೆಂಬ ಭಯಕ್ಕೆ ಆಧಾರವಿಲ್ಲ. 1995ರಲ್ಲಿ ಸೇರಿದ ವಿಯೆಟ್ನಾಂನ ಮಾತು ಬೇರೆ. ಇಂದು ರೊಬಸ್ಟಾ ಮತ್ತು ಮೆಣಸು ಎರಡರಲ್ಲೂ ಲೋಕಕ್ಕೆ ಮೊದಲಿಗನಾದ ಆ ದೇಶದ ಕಡೆ ನಮ್ಮ ಕಣ್ಣು ಸದಾ ಇರಬೇಕು.

ಅಡಿಕೆಯ ವಿಷಯದಲ್ಲಿ ನಮ್ಮ ಚಿಂತೆ ಇಂಡೊನೇಷ್ಯ, ಮ್ಯಾನ್ಮಾರ್ ಕಡೆಯಿಂದ ಬರುವ ಮಾಲಿನದು. ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿತು. ಸದಸ್ಯರು ಗಮನವಿಡಬೇಕಾದುದು ಇಂತಹ ಆಜ್ಞೆಗಳ ಪಾಲನೆಯ ಮೇಲೆ. ಹನ್ನೊಂದನೆಯ ಸದಸ್ಯನ ಮೇಲಲ್ಲ.

ನಮ್ಮ ಸಂಘಗಳಿಗೆ ಇದರ ಪಾಠ

ಗೋದಾಮಿಲ್ಲದ, ಲೆಕ್ಕಪತ್ರ ಸರಿಯಿಲ್ಲದ, ನೂರಿನ್ನೂರು ಸಣ್ಣ ಬೆಳೆಗಾರರ ಸಂಘವೊಂದು ದೊಡ್ಡ ಒಕ್ಕೂಟಕ್ಕೆ ಅರ್ಜಿ ಹಾಕಿದಾಗ ಎರಡು ಮಾತುಗಳು ಕೇಳಿಬರುತ್ತವೆ. "ಅವರ ಭಾರ ನಮ್ಮ ತಲೆಗೇಕೆ?" ಎನ್ನುವರು ಕೆಲವರು. "ನಮ್ಮವರೇ ಅಲ್ಲವೇ, ಇವತ್ತೇ ಸೇರಿಸಿಬಿಡಿ" ಎನ್ನುವರು ಇನ್ನು ಕೆಲವರು. ಇವೆರಡೂ ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಹೊರಗಿಟ್ಟರೆ ಆ ಬೆಳೆಗಾರ ತನ್ನ ಮಾಲನ್ನು ಸಿಕ್ಕಿದ ಬೆಲೆಗೆ ವ್ಯಾಪಾರಿಗೆ ಕೊಡುತ್ತಾನೆ. ಆ ಅಗ್ಗದ ಬೆಲೆಯೇ ನಾಳೆ ಮಂಡಿಯಲ್ಲಿ ನಮ್ಮ ಮಾಲಿಗೂ ಅಳತೆಗೋಲಾಗುತ್ತದೆ. 1970ರ ದಶಕದ ಮೊದಲಲ್ಲಿ ಅಡಿಕೆ ಧಾರಣೆ ಕುಸಿದಾಗ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ರಾಜ್ಯದ ಗಡಿ ನೋಡದೆ 1973ರಲ್ಲಿ ಕ್ಯಾಂಪ್ಕೊ ಕಟ್ಟಿದ್ದರ ಹಿಂದೆ ಇದ್ದುದು ಇದೇ ತಿಳಿವು. ಇನ್ನೊಂದು ಕಡೆ, ಸಿದ್ಧತೆಯಿಲ್ಲದೆ ಒಳಗೆ ಸೇರಿಸಿದರೆ ಬಾಕಿ ಬೆಳೆಯುತ್ತದೆ, ಮನಸ್ತಾಪ ಹುಟ್ಟುತ್ತದೆ. ಕೊನೆಗೆ ಹೊಸಬನೂ ಹಳಬನೂ ಕೂಡಿಯೇ ಮುಳುಗುತ್ತಾರೆ.

ಮೂರನೆಯ ದಾರಿಯನ್ನು ತಿಮೋರಿನ ಅರ್ಜಿ ತೋರಿಸಿದೆ. ಮೊದಲು ಹೋಗಿ ಕಣ್ಣಾರೆ ನೋಡುವುದು. ಬಳಿಕ ಸಭೆಯಲ್ಲಿ ಕೂರಲು ಜಾಗ ಕೊಡುವುದು. ಲೆಕ್ಕ ತಪಾಸಣೆ, ಷೇರು ಹಣ, ಮಾಲಿನ ಗುಣಮಟ್ಟ ಮುಂತಾಗಿ ಪೂರೈಸಬೇಕಾದುದನ್ನು ಬರೆದು ಕೊಡುವುದು. ಪೂರೈಸಲು ನಮ್ಮ ಗುಮಾಸ್ತರನ್ನು ಕಳಿಸಿ ನೆರವಾಗುವುದು. ಆಸಿಯಾನ್ ಕೂಡ ತಡವಾಗಿ ಬಂದವರಿಗೆ ಅವಕಾಶ ಕೊಟ್ಟಿದೆ. ಒಳಗಿನ ಸುಂಕ ತೆಗೆಯಲು ಹಳೆಯ ಆರು ದೇಶಗಳಿಗೆ 2010ರ ಗಡುವಿದ್ದರೆ, ವಿಯೆಟ್ನಾಂ ಮೊದಲಾದ ನಾಲ್ಕಕ್ಕೆ 2015ರವರೆಗೂ, ಕೆಲವು ಸರಕುಗಳಿಗೆ 2018ರವರೆಗೂ ಕಾಲ ದೊರೆಯಿತು. ಹೊಣೆಯಿಂದ ವಿನಾಯಿತಿ ಸಿಗಲಿಲ್ಲ, ಹೊರಲು ಸಮಯ ಸಿಕ್ಕಿತು.

ಆದರೆ ಅವರಂತೆ ನಾವೂ ಹದಿನಾಲ್ಕು ವರ್ಷ ಕಾಯಿಸಬಾರದು. ದೇಶವೊಂದು ಅಷ್ಟು ಕಾಲ ತಾಳೀತು. ಎರಡು ಎಕರೆಯ ಬೆಳೆಗಾರ ಎರಡು ಹಂಗಾಮು ಕೆಟ್ಟರೆ ತೋಟ ಮಾರುತ್ತಾನೆ. ಮುಕ್ತ ಸದಸ್ಯತ್ವ ಸಹಕಾರ ತತ್ವಗಳಲ್ಲಿ ಮೊದಲನೆಯದು. ಅರ್ಜಿ ಬಂದ ದಿನವೇ ಒಪ್ಪಬೇಕೆಂದು ಅದರ ಅರ್ಥವಲ್ಲ. ಅರ್ಜಿಯನ್ನು ಬೀರುವಿನಲ್ಲಿಟ್ಟು ಮರೆಯಬಾರದೆಂಬ ಅರ್ಥವಂತೂ ಹೌದು. ಮುಂದಿನ ಸರ್ವಸದಸ್ಯರ ಸಭೆಗೆ ಬರುವ ಮುನ್ನ ಸದಸ್ಯರು ಈ ವಿಚಾರವನ್ನು ತಮ್ಮ ತಮ್ಮ ಊರುಗಳಲ್ಲಿ ಚರ್ಚಿಸಬೇಕೆಂದೂ, ನೆರೆಯ ಸಣ್ಣ ಸಂಘಗಳ ಅರ್ಜಿಗಳಿಗೆ ಕಾಲಮಿತಿಯುಳ್ಳ ಉತ್ತರ ಕೊಡುವ ಬಗ್ಗೆ ತಮ್ಮ ಸಲಹೆಗಳನ್ನು ಬರೆದು ತರಬೇಕೆಂದೂ ಕೋರುತ್ತೇವೆ.