ಹಕ್ಕಿಜ್ವರ: ವೈದ್ಯರಿಗೆ ಮೊದಲು ಹೇಳಬೇಕಾದ ಮಾತು

2012ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಉತ್ತರದಂಚಿನ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಕೇಂದ್ರದಲ್ಲಿ ಟರ್ಕಿ ಕೋಳಿಗಳು ಒಂದರ ಹಿಂದೊಂದು ಸತ್ತವು. ಭೋಪಾಲದ ಪ್ರಯೋಗಾಲಯ ಇದು ಎಚ್‌5ಎನ್‌1 ಹಕ್ಕಿಜ್ವರವೆಂದು ಖಚಿತಪಡಿಸಿತು. ಉಳಿದ ಹಕ್ಕಿಗಳನ್ನೂ ನಾಶಪಡಿಸಬೇಕಾಯಿತು. 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲೂ ಈ ರೋಗ ಕಾಣಿಸಿತು. ದಕ್ಷಿಣದಂಚಿನ ವಸಂತಪುರದಲ್ಲಿ ಹಿತ್ತಿಲಲ್ಲಿ ನಾಲ್ಕು ನಾಟಿ ಕೋಳಿ ಸಾಕುವವರಿಗೂ, ಹೊಲಕ್ಕೆ ಕೋಳಿಗೊಬ್ಬರ ತರಿಸುವವರಿಗೂ ಇದು ದೂರದ ವಿಷಯವಲ್ಲ.

ಈ ರೋಗ ಮನುಷ್ಯರಿಗೆ ತಗಲುವುದು ಅಪರೂಪ. ತಗಲಿದರೆ ಮಾತ್ರ ಅಪಾಯಕರ. 2003ರಿಂದ ಈಚೆಗೆ ಜಗತ್ತಿನಲ್ಲಿ ಎಚ್‌5ಎನ್‌1 ತಗಲಿದ್ದಾಗಿ ವರದಿಯಾದ 900ಕ್ಕೂ ಹೆಚ್ಚು ಮಂದಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ತೀರಿಕೊಂಡಿದ್ದಾರೆ. ನಮ್ಮ ದೇಶದಲ್ಲಿ 2021ರಲ್ಲಿ ಹರಿಯಾಣದ ಒಬ್ಬ ಬಾಲಕ, 2025ರಲ್ಲಿ ಆಂಧ್ರದ ಒಂದು ಪುಟ್ಟ ಮಗು ಇದಕ್ಕೆ ಬಲಿಯಾದರು.

ಲಕ್ಷಣಗಳು: ಸಾಮಾನ್ಯವಾಗಿ ಸೋಂಕು ತಗಲಿದ ಎರಡರಿಂದ ಐದು ದಿನಗಳಲ್ಲಿ ಜ್ವರ, ಕೆಮ್ಮು, ಮೈಕೈ ನೋವು ಕಾಣಿಸುತ್ತವೆ, ಕೆಲವೊಮ್ಮೆ ಭೇದಿ ಅಥವಾ ಕಣ್ಣುಕೆಂಪು. ರೋಗ ಬಲಿತಾಗ ಶ್ವಾಸಕೋಶಕ್ಕೆ ಇಳಿದು ಉಸಿರಾಟ ಕಷ್ಟವಾಗುತ್ತದೆ. ಮೊದಲ ದಿನಗಳಲ್ಲಿ ಇದು ಮಾಮೂಲಿ ನೆಗಡಿ ಜ್ವರದಂತೆಯೇ ಇರುವುದರಿಂದ ಎಂಥ ವೈದ್ಯರೂ ನೋಡಿದೊಡನೆ ಗುರುತಿಸಲಾರರು. ಆದ್ದರಿಂದ "ಸತ್ತ ಕೋಳಿ ಮುಟ್ಟಿದ್ದೆ" ಎಂದು ನೀವೇ ಮೊದಲು ಹೇಳಬೇಕು.

ಚಿಕಿತ್ಸೆ: ಒಸೆಲ್ಟಾಮಿವಿರ್ ಎಂಬ ಔಷಧಿಯನ್ನು ಆದಷ್ಟು ಬೇಗ, ಸಾಧ್ಯವಾದರೆ 48 ಗಂಟೆಯೊಳಗೆ ಆರಂಭಿಸಬೇಕು. ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯಬಾರದು. ತಡವಾಗಿದ್ದರೂ ಕೊಡುವುದೇ ಲೇಸು. ರೋಗಿಯನ್ನು ಪ್ರತ್ಯೇಕವಾಗಿರಿಸಿ, ಅಗತ್ಯವಿದ್ದರೆ ಆಮ್ಲಜನಕ ಕೊಡುತ್ತಾರೆ. ಗಂಟಲಿನ ಮಾದರಿಯಲ್ಲಿ ವೈರಾಣು ಸಿಗದಿದ್ದರೂ ಶ್ವಾಸಕೋಶದ ಕಫದಲ್ಲಿ ಸಿಗಬಹುದು. ಆಂಟಿಬಯಾಟಿಕ್ ವೈರಾಣುವನ್ನು ಕೊಲ್ಲುವುದಿಲ್ಲ. ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗುತ್ತ ದಿನ ಕಳೆಯಬೇಡಿ.

ಆಗಬೇಕಾದ ಸಂಶೋಧನೆ: ರೋಗಿಗಳು ಬೆರಳೆಣಿಕೆಯಷ್ಟಿದ್ದು ಬೇರೆ ಬೇರೆ ದೇಶಗಳಲ್ಲಿ ಚದುರಿರುವುದರಿಂದ, ನಾವು ಹೊಲದಲ್ಲಿ ತಾಕು ಮಾಡಿ ತಳಿಗಳನ್ನು ಹೋಲಿಸುವಂತೆ ಔಷಧಿಗಳನ್ನು ಹೋಲಿಸುವುದು ಸುಲಭವಲ್ಲ. ಔಷಧಿಯ ಪ್ರಮಾಣ ಎಷ್ಟು, ಎಷ್ಟು ದಿನ, ಎರಡು ಔಷಧಿ ಸೇರಿಸಿದರೆ ಲಾಭವೇ ಎಂಬುದು ಇನ್ನೂ ತೀರ್ಮಾನವಾಗಬೇಕಿದೆ. ಪ್ರತಿ ರೋಗಿಯ ವಿವರವನ್ನೂ ಒಂದೇ ಕ್ರಮದಲ್ಲಿ ದಾಖಲಿಸುವುದು ಇದಕ್ಕೆ ಮೊದಲ ಹೆಜ್ಜೆ.

ನೀವು ಮಾಡಬೇಕಾದದ್ದು:
1. ಕೋಳಿಗಳು ಒಮ್ಮೆಲೇ ಸತ್ತರೆ ಪಶುವೈದ್ಯರಿಗೆ ತಿಳಿಸಿ. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ಯಬೇಡಿ.
2. ರೋಗ ಕಂಡ ಫಾರಂನಿಂದ ಗೊಬ್ಬರ ತರಬೇಡಿ.
3. ಮಾಂಸ, ಮೊಟ್ಟೆಗಳನ್ನು ಚೆನ್ನಾಗಿ ಬೇಯಿಸಿ ತಿನ್ನಿ.
4. ಸತ್ತ ಕೋಳಿಗಳ ಬಳಿ ಇದ್ದವರು ಹತ್ತು ದಿನ ಜ್ವರದ ಮೇಲೆ ಗಮನವಿಡಿ. ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ.

ಫಾರಂ ಮುಚ್ಚಿಸುವರೆಂಬ ಅಂಜಿಕೆಯಿಂದ ವಿಷಯ ಮುಚ್ಚಿಡಬೇಡಿ. ಹೋದ ಕೋಳಿಗಳನ್ನು ಮತ್ತೆ ಸಾಕಬಹುದು.